ನೂರ ಎಂಬತ್ತೇಳು ಚೀಟಿ

ಕೆಲವರಿಗೆ ಗೋಡೆ ಮೇಲಿನ ಪಟ ಒಂದೆಳೆ ಓರೆಯಾಗಿದ್ದರೂ ಊಟ ಸೇರುವುದಿಲ್ಲ. ಯೂನಿವರ್ಸಿಟಿ ಗೇಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ಟೈಪಿಸ್ಟಮ್ಮ ಆ ಪೈಕಿ. ಇಪ್ಪತ್ತು ವರ್ಷದಿಂದ ಕಂಡವರ ಥೀಸಿಸ್ಸನ್ನೆಲ್ಲ ಟೈಪು ಮಾಡಿ, ಅಂಚು ಸರಿಪಡಿಸಿ, ಬೈಂಡು ಹಾಕಿ ಕೊಟ್ಟವಳು. ಒಂದು ಸ್ಪೇಸ್ ಬೀಳಬೇಕಾದಲ್ಲಿ ಎರಡು ಬಿದ್ದಿದ್ದರೆ ಮಾರು ದೂರದಿಂದಲೇ ಹೇಳಿಬಿಡುತ್ತಿದ್ದಳು. ಆ ಅಚ್ಚುಕಟ್ಟುತನ ಅವತ್ತು ಅವಳ ನಾದಿನಿಯ ಕುತ್ತಿಗೆಗೇ ಬಂತು.

ನಾದಿನಿ ಏಳು ವರ್ಷದಿಂದ ಒಂದೇ ವಿಷಯ ಹಿಡಿದು ಕೂತಿದ್ದವಳು: ಊರಿನ ಹಳೇ ನೀರಿನ ಕೊಳವೆಗಳಿಂದ ಸೀಸ ಎಷ್ಟು ಬಿಡುತ್ತದೆ, ಯಾರ ಮನೆಯ ಲೋಟಕ್ಕೆ ಎಷ್ಟು ಬೀಳುತ್ತದೆ ಅನ್ನೋದು. ಮೂರು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಿದ್ದಾಗಿತ್ತು. ನಾಲ್ಕನೆಯದು ಇಲ್ಲ ಅಂತ ಆಫೀಸಿನವರು ಬರೆದೇ ಕೊಟ್ಟಿದ್ದರು. ಇವತ್ತು ಸಂಜೆ ಐದಕ್ಕೆ ಕೌಂಟರ್ ಮುಚ್ಚುವುದರೊಳಗೆ ಮೂರು ಪ್ರತಿ ಒಪ್ಪಿಸಿದರೆ ಒಪ್ಪಿಸಿದ ಹಾಗೆ. ಇಲ್ಲದಿದ್ದರೆ ಹೆಸರು ರದ್ದು, ಏಳು ವರ್ಷ ನೀರಲ್ಲಿ ಹೋಮ ಮಾಡಿದ ಹಾಗೆ.

ಬೆಳಿಗ್ಗೆ ನಾದಿನಿ ಗೈಡಿನ ಸಹಿ ಹಾಕಿಸಿಕೊಂಡು ಬರಲು ಹೋದಳು. "ಅತ್ತಿಗೆ, ಕೊನೇಲಿರೋ ಪಟ್ಟಿ ಸ್ವಲ್ಪ ನೋಡಿಬಿಡಿ, ಅಲ್ಪವಿರಾಮ ಗಿಲ್ಪವಿರಾಮ ಸರಿ ಇಲ್ಲ" ಅಂತ ಹೇಳಿ ಹೋದಳು. ಪಟ್ಟಿ ಅಂದರೆ ಅವಳು ಆಧಾರವಾಗಿ ಹಿಡಿದ ಪುಸ್ತಕ, ಲೇಖನಗಳ ಪಟ್ಟಿ. ನೂರ ಎಂಬತ್ತೇಳು. ಟೈಪಿಸ್ಟಮ್ಮ ಅದನ್ನು ತೆರೆದು ನೋಡಿ ಹಣೆ ಹಣೆ ಬಡಿದುಕೊಂಡಳು. ಒಬ್ಬನ ಹೆಸರು 'ಮ'ದಿಂದ ಶುರು, ಅವನ ಕೆಳಗೆ 'ಅ', ಅದರ ಕೆಳಗೆ 'ಶ'. ಇದೇನು, ಸಂತೆಯಲ್ಲಿ ಸಿಕ್ಕಸಿಕ್ಕವರು ಸಾಲಾಗಿ ನಿಂತ ಹಾಗೆ? ಇವಳಿಗೆ ಓದು ಜಾಸ್ತಿಯಾಗಿ ಅಕ್ಷರಮಾಲೆ ಮರೆತುಹೋಗಿದೆ ಅಂದುಕೊಂಡು, ಒಂದೊಂದು ಚುಕ್ಕೆ ಸರಿಮಾಡಿ, ಪುಸ್ತಕದ ಹೆಸರೆಲ್ಲ ಓರೆ ಅಕ್ಷರಕ್ಕೆ ತಂದು, ಕೊನೆಗೆ ಒಂದು ಗುಂಡಿ ಒತ್ತಿ ಇಡೀ ಪಟ್ಟಿಯನ್ನು ಅಕಾರಾದಿಗೆ ಜೋಡಿಸಿದಳು. ಒಂದರಿಂದ ನೂರ ಎಂಬತ್ತೇಳರವರೆಗೆ ಹೊಸ ನಂಬರು ಕೊಟ್ಟು, ಸೇವ್ ಮಾಡಿ ಮುಚ್ಚಿದಳು. ಮುತ್ತಿನ ಸರದಂತಾಯಿತು ಅಂತ ತಾನೇ ಬೀಗಿದಳು.

ಪ್ರಿಂಟು ಹಾಕುವ ಮುಂಚೆ ಮೊದಲ ಪುಟ ಓದಿದಳು. 'ಸೀಸ ಎಲ್ಲಕ್ಕಿಂತ ಮೊದಲು ಹೊಡೆಯುವುದು ಎಳೆಮಕ್ಕಳ ಮಿದುಳನ್ನು' ಅಂತ ಒಂದು ವಾಕ್ಯ, ಅದರ ಪಕ್ಕ ಚೌಕ ಆವರಣದೊಳಗೆ ಒಂದು ಅನ್ನುವ ನಂಬರು. ಪಟ್ಟಿಯಲ್ಲಿ ಒಂದನೆಯದು ಯಾವುದು ಅಂತ ನೋಡಿದರೆ, ಹಡಗಿನ ತಳಕ್ಕೆ ತುಕ್ಕು ಹಿಡಿಯುವ ವಿಚಾರ. ಎರಡನೇ ಪುಟದ ನಾಲ್ಕು ನೋಡಿದಳು, ಅದೂ ತಪ್ಪು. ಅವಳು ಇಪ್ಪತ್ತು ವರ್ಷ ಟೈಪು ಮಾಡಿದ್ದೆಲ್ಲ ಇತಿಹಾಸ, ಸಾಹಿತ್ಯದವರದ್ದು. ಅವರ ಪಟ್ಟಿ ಅಕಾರಾದಿ. ಈ ನೀರಿನವರ ಪದ್ಧತಿಯೇ ಬೇರೆ. ಬರವಣಿಗೆಯಲ್ಲಿ ಯಾರ ಮಾತು ಮೊದಲು ಬರುತ್ತದೋ ಅವನು ಪಟ್ಟಿಯಲ್ಲಿ ಒಂದು, ಆಮೇಲೆ ಬಂದವನು ಎರಡು. ಗಣೇಶನನ್ನ ಮಾಡೋಕೆ ಹೋಗಿ ಅವರಪ್ಪನನ್ನ ಮಾಡಿಟ್ಟಿದ್ದಳು.

ಹಳೇ ಫೈಲು? ಅದರ ಮೇಲೇ ಸೇವ್ ಮಾಡಿದ್ದಳು. 'ಒಂದು ಥೀಸಿಸ್, ಒಂದು ಫೈಲು' ಅನ್ನೋದು ಅಂಗಡಿಯ ನಿಯಮ, ಅವಳೇ ಮಾಡಿದ್ದು.

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಸುಮ್ಮನಿದ್ದುಬಿಡೋಣ ಅಂತ ಅವಳಿಗೆ ಅನ್ನಿಸಿತು. ಕೌಂಟರಿನ ಗುಮಾಸ್ತ ನೋಡುವುದು ಅಂಚಿನ ಅಳತೆ, ಸಹಿ, ಸೀಲು ಅಷ್ಟೇ. ಪಟ್ಟಿಯನ್ನು ಯಾವನು ಓದುತ್ತಾನೆ? ಹಾಗಂತ ಯೋಚನೆ ಮಾಡುತ್ತ ಕಾಲು ಗಂಟೆ ಕೂತಿದ್ದಳು. ಅಷ್ಟರಲ್ಲಿ ನಾದಿನಿ ಬಂದು, ಸಹಿಯಾದ ಹಾಳೆಯನ್ನು ಮೇಜಿನ ಮೇಲಿಟ್ಟು, "ಮುಗೀತು ಅತ್ತಿಗೆ" ಅಂದಳು. ಆ ಮುಖ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಮುಗೀಲಿಲ್ಲ ಕಣೆ. ನಾನು ಕೆಡಿಸಿಟ್ಟೆ" ಅಂದಳು. ಎಲ್ಲವನ್ನೂ ಹೇಳಿದಳು.

ನಾದಿನಿ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಗೋಡೆ ಗಡಿಯಾರ ನೋಡಿದಳು, ಹನ್ನೆರಡಕ್ಕೆ ಹತ್ತು ನಿಮಿಷ. "ನನ್ನ ಹತ್ರ ತಿಂಗಳ ಹಿಂದಿನ ಪ್ರತಿ ಇದೆ" ಅಂದಳು, ಆಮೇಲೆ ತಾನೇ ತಲೆಯಾಡಿಸಿದಳು. ಅದಾದ ಮೇಲೆ ಮೊದಲ ಅಧ್ಯಾಯವನ್ನೇ ಪೂರ್ತಿ ಹೊಸದಾಗಿ ಬರೆದಿದ್ದಳು, ನಂಬರೆಲ್ಲ ಹಿಂದುಮುಂದಾಗಿದ್ದವು.

"ಯಾವ ಮಾತು ಯಾರು ಹೇಳಿದ್ದು ಅಂತ ನಿನಗೆ ನೆನಪಿದೆಯಾ?"

"ಓದಿದ್ದು ನಾನೇ ಅಲ್ವಾ ಅತ್ತಿಗೆ."

"ಹಾಗಾದ್ರೆ ಎದ್ದೇಳು."

ಟೈಪಿಸ್ಟಮ್ಮ ಶಟರನ್ನು ಅರ್ಧಕ್ಕೆ ಎಳೆದಳು. ಕೆಟ್ಟ ಪಟ್ಟಿಯನ್ನೇ ಪ್ರಿಂಟು ತೆಗೆದು, ಕತ್ತರಿಯಿಂದ ಒಂದೊಂದು ಸಾಲನ್ನೂ ಚೀಟಿಯಾಗಿ ಕತ್ತರಿಸಿದಳು. ನೂರ ಎಂಬತ್ತೇಳು ಚೀಟಿ ನೆಲದ ಮೇಲೆ ಹರಡಿದವು. ಫ್ಯಾನ್ ಹಾಕಿದರೆ ಹಾರಿಹೋಗುತ್ತವೆ ಅಂತ ಅದನ್ನೂ ಆರಿಸಿದರು. ಸೆಕೆಗೆ ಇಬ್ಬರ ಬೆನ್ನೂ ಒದ್ದೆಯಾಯಿತು. ಅತ್ತಿಗೆ ಸ್ಟೂಲಿನ ಮೇಲೆ ಕೂತು ಥೀಸಿಸ್ಸಿನ ವಾಕ್ಯ ಓದುವುದು, ನಾದಿನಿ ನೆಲದ ಮೇಲೆ ಮಂಡಿಯೂರಿ ಚೀಟಿ ಹುಡುಕುವುದು, ಸಿಕ್ಕ ಚೀಟಿಯ ಸಾಲನ್ನು ಅತ್ತಿಗೆ ಕಂಪ್ಯೂಟರಿನಲ್ಲಿ ಅದರ ಜಾಗಕ್ಕೆ ಏರಿಸುವುದು.

"ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರು ಬೆಳಗಿನ ಮೊದಲ ಲೋಟಕ್ಕೆ ಬರುತ್ತದೆ. ಹದಿನೇಳು."

"ಅದು ಆ ಮುದುಕ ಎಂಜಿನಿಯರ್‌ದು. ತನ್ನ ಮನೆ ನೀರನ್ನೇ ಮೂವತ್ತು ವರ್ಷ ಅಳೆದವನು. ಪಾಪ, ಹೆಂಡತಿ ಬಿಟ್ಟುಹೋದಳಂತೆ."

"ಬಿಡದೆ ಇನ್ನೇನು ಮಾಡ್ತಾಳೆ. ಹದಿನೆಂಟು. ಬಿಸಿನೀರಿನಲ್ಲಿ ಸೀಸ ಬೇಗ ಕರಗುತ್ತದೆ."

"ಅದು ಇಬ್ಬರು ಅಕ್ಕತಂಗಿಯರು ಸೇರಿ ಬರೆದದ್ದು. ಸಿಕ್ತು, ಇಲ್ಲಿದೆ."

ಟೈಪಿಸ್ಟಮ್ಮನಿಗೆ ಒಳಗೊಳಗೇ ಆಶ್ಚರ್ಯ. ಇವಳು ಏಳು ವರ್ಷ ಬರೀ ಕಾಗದ ಮಗುಚುತ್ತಿದ್ದಾಳೆ ಅಂತ ಮನೆಯಲ್ಲಿ ಎಲ್ಲರೂ ಆಡಿಕೊಂಡವರೇ, ಅವಳೂ ಸೇರಿದಂತೆ. ಇಲ್ಲಿ ನೋಡಿದರೆ ಒಬ್ಬೊಬ್ಬನನ್ನೂ ಬೀಗರ ಹಾಗೆ ಗುರುತಿಟ್ಟುಕೊಂಡಿದ್ದಾಳೆ. ಎರಡು ಗಂಟೆಗೆ ಎಂಬತ್ತಾಯಿತು. ಎರಡೂ ಮುಕ್ಕಾಲಿಗೆ ನೂರ ಇಪ್ಪತ್ತು. ಆಮೇಲಿನ ವಾಕ್ಯಕ್ಕೆ ಬಂದಾಗ ನಾದಿನಿಯ ಕೈ ನಿಂತಿತು.

"ಅನೇಕ ಅಧ್ಯಯನಗಳು ಇದನ್ನೇ ಸಮರ್ಥಿಸುತ್ತವೆ. ನೂರ ಇಪ್ಪತ್ತೊಂದರಿಂದ ನೂರ ಮೂವತ್ತನಾಲ್ಕು. ಹದಿನಾಲ್ಕು ಚೀಟಿ ಒಟ್ಟಿಗೆ. ಹೇಳು, ಯಾವ್ಯಾವುದು?"

"ಗೊತ್ತಿಲ್ಲ ಅತ್ತಿಗೆ."

"ಗೊತ್ತಿಲ್ಲ ಅಂದ್ರೆ?"

"ಓದಿಲ್ಲ. ಗೈಡು ಎರಡು ತಿಂಗಳ ಹಿಂದೆ ಒಂದು ಹಾಳೆ ಕೊಟ್ರು. ಅವರದ್ದು ಒಂಬತ್ತು, ಅವರ ಸ್ನೇಹಿತರದ್ದು ಐದು. 'ಎಲ್ಲಾದರೂ ಒಂದು ಕಡೆ ಸೇರಿಸಮ್ಮ' ಅಂದ್ರು. ಹಾಗೇ ಸೇರಿಸಿದೆ. ಎಲ್ಲರೂ ಸೇರಿಸ್ತಾರೆ."

"ಹಾಗಾದ್ರೆ ಸುಲಭ ಆಯ್ತಲ್ಲ. ಓದಿದ್ದಕ್ಕೆ ಜಾಗ ಹುಡುಕಬೇಕು, ಓದದ್ದು ಎಲ್ಲಿ ಕೂತರೂ ನಡೆಯುತ್ತೆ" ಅಂದಳು ಟೈಪಿಸ್ಟಮ್ಮ. ಮುಂದಿನ ಐವತ್ತಮೂರನ್ನು ಮೊದಲು ಮುಗಿಸಿದರು, ಈಚೆಗೆ ಓದಿದವಾದ್ದರಿಂದ ನಾದಿನಿಗೆ ನಾಲಗೆ ತುದಿಯಲ್ಲಿದ್ದವು. ಮೂರೂಕಾಲಿಗೆ ನೆಲದ ಮೇಲೆ ಆ ಹದಿನಾಲ್ಕೇ ಉಳಿದವು. ಹೇಗಾದರೂ ಜೋಡಿಸಿದರಾಯಿತು ಅಂತ ಬಾಚಿಕೊಳ್ಳಲು ಬಗ್ಗಿದ ಟೈಪಿಸ್ಟಮ್ಮ ಒಂದು ಚೀಟಿ ಹಿಡಿದು ನಿಂತಳು.

"ಹಳೇ ಬಡಾವಣೆಯ ಮುನ್ನೂರ ಹನ್ನೆರಡು ನಲ್ಲಿಗಳಲ್ಲಿ ಸೀಸ" ಅಂತ ಓದಿದಳು. "ಅಲ್ವೇ, ಮುನ್ನೂರ ಹನ್ನೆರಡು ನಲ್ಲಿ ನಮ್ಮದಲ್ವಾ?"

ನಮ್ಮದು ಅಂದದ್ದು ಸುಳ್ಳಲ್ಲ. ನಾಲ್ಕು ವರ್ಷದ ಹಿಂದೆ ಎರಡು ತಿಂಗಳು ದಿನಾ ಬೆಳಗ್ಗೆ ಆರು ಗಂಟೆಗೆ ಅತ್ತಿಗೆ ನಾದಿನಿ ಇಬ್ಬರೂ ಮನೆ ಮನೆ ಬಾಗಿಲು ತಟ್ಟಿ, ಮೊದಲ ನೀರು ಹಿಡಿದುಕೊಂಡು ಬಂದಿದ್ದರು. ಬಾಟಲಿಗೆ ನಂಬರು ಅಂಟಿಸಿದವಳು ಟೈಪಿಸ್ಟಮ್ಮನೇ. ನಾದಿನಿಯ ಮೂರನೇ ಅಧ್ಯಾಯ ಪೂರ್ತಿ ಅದರ ಮೇಲೆ ನಿಂತಿತ್ತು.

ಲೇಖನ ಹೋದ ವರ್ಷ ಅಚ್ಚಾಗಿತ್ತು. ಬರೆದವರು ಗೈಡು, ಅವರೊಬ್ಬರೇ. ಕಂಪ್ಯೂಟರಿನಲ್ಲಿ ಹುಡುಕಿ ತೆಗೆದರು. ಕೊನೆಯಲ್ಲಿ ಉದ್ದನೆಯ ಕೋಷ್ಟಕ. ನಾದಿನಿ ಬೆರಳಿಟ್ಟುಕೊಂಡು ಕೆಳಗಿಳಿದಳು. ನೂರು, ನೂರೈವತ್ತು, ಇನ್ನೂರ ಐದು, ಇನ್ನೂರ ಆರು, ಇನ್ನೂರ ಎಂಟು.

ಇನ್ನೂರ ಏಳು ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಭೂಮಿಯ ಮೇಲೆ ಇಬ್ಬರಿಗೇ ಗೊತ್ತು. ಆ ಬಾಟಲಿ ಟೈಪಿಸ್ಟಮ್ಮನ ಕೈ ಜಾರಿ ಮೆಟ್ಟಿಲ ಮೇಲೆ ಬಿದ್ದು ಒಡೆದಿತ್ತು. ನಾದಿನಿ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ 'ಒಡೆಯಿತು' ಅಂತ ಬರೆದು, ನಂಬರು ಬಿಟ್ಟು ಮುಂದಕ್ಕೆ ಹೋಗಿದ್ದಳು. ಅದಕ್ಕೇ ಕೊನೆಯ ಬಾಟಲಿ ಮುನ್ನೂರ ಹದಿಮೂರು, ಲೆಕ್ಕಕ್ಕೆ ಮುನ್ನೂರ ಹನ್ನೆರಡು. ಗೈಡು ಆ ಖಾಲಿಯನ್ನೂ ಹಾಗೇ ಎತ್ತಿಕೊಂಡಿದ್ದರು.

"ನನ್ನ ಕೋಷ್ಟಕ ನೋಡಿ ಕೊಡ್ತೀನಿ ಅಂತ ಇಸ್ಕೊಂಡಿದ್ರು" ಅಂದಳು ನಾದಿನಿ. "ಈಗ ಇದನ್ನ ನನ್ನ ಪಟ್ಟಿಯಲ್ಲೇ ಹಾಕಿಸಿದಾರೆ. ಓದಿದವರು ಏನಂದ್ಕೋತಾರೆ? ಗೈಡಿನ ಲೇಖನದಿಂದ ನಾನು ಎತ್ತಿದೆ ಅಂತ. ನನ್ನ ಕೈಯಲ್ಲೇ ಬರೆಸಿದಾರೆ ಅತ್ತಿಗೆ."

"ಬೇಲಿಯೇ ಎದ್ದು ಹೊಲ ಮೇಯ್ತಲ್ಲೇ" ಅಂದಳು ಟೈಪಿಸ್ಟಮ್ಮ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು, ಅದರ ಬೆನ್ನಿಗೇ ಭಯವೂ ಬಂತು. ಮೌಖಿಕ ಪರೀಕ್ಷೆಯ ದಿನ ಎದುರಿಗೆ ಕೂರುವವರಲ್ಲಿ ಗೈಡೂ ಒಬ್ಬರು. "ಆ ಚೀಟಿ ಎಸೆದುಬಿಡೋಣ. ಹೆಸರೇ ಬೇಡ. ಸದ್ಯಕ್ಕೆ ಐದರೊಳಗೆ ಕೊಟ್ಟು ಕೈ ತೊಳ್ಕೊ."

ನಾದಿನಿ ಆ ಚೀಟಿಯನ್ನು ಇಸಿದುಕೊಂಡು ಮತ್ತೆ ಮತ್ತೆ ಓದಿದಳು. ಗಡಿಯಾರದ ಮುಳ್ಳು ಮೂರೂವರೆ ದಾಟಿತು. ಟೈಪಿಸ್ಟಮ್ಮನಿಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

"ಎಸೆದರೆ ನಾನು ಇದನ್ನ ನೋಡೇ ಇಲ್ಲ ಅಂತಾಗುತ್ತೆ" ಅಂದಳು ಕೊನೆಗೆ. "ನೋಡಿದೀನಲ್ಲ. ಹದಿಮೂರು ತೆಗೀರಿ. ಇದೊಂದು ಇರಲಿ."

"ಹದಿಮೂರು ತೆಗೆದರೆ ಮುಂದಿನ ಐವತ್ತಮೂರು ನಂಬರೂ ಬದಲಾಗಬೇಕು ಕಣೆ, ಥೀಸಿಸ್ಸಿನೊಳಗೂ."

"ಆಗುತ್ತಾ?"

"ಕೆಡಿಸಿದ ಕೈಗೆ ಅಷ್ಟೂ ಆಗದಿದ್ರೆ ಹೇಗೆ" ಅಂದು ಟೈಪಿಸ್ಟಮ್ಮ ಕೀಬೋರ್ಡಿಗೆ ಕೂತಳು. ನೂರ ಮೂವತ್ತೈದನ್ನು ನೂರ ಇಪ್ಪತ್ತೆರಡು ಮಾಡಿದಳು, ನೂರ ಮೂವತ್ತಾರನ್ನು ನೂರ ಇಪ್ಪತ್ತಮೂರು. ಚಿಕ್ಕದರಿಂದಲೇ ಶುರು ಮಾಡಬೇಕು. ದೊಡ್ಡದರಿಂದ ಹೊರಟರೆ ಬದಲಾದದ್ದೇ ಇನ್ನೊಂದು ಸಲ ಬದಲಾಗಿ ಮೊದಲಿಗಿಂತ ಹೆಚ್ಚು ಗೊಂದಲ. ಐವತ್ತಮೂರು ಸಲ ಉಸಿರು ಬಿಗಿಹಿಡಿದು ಒತ್ತಿದಳು. ಪಕ್ಕದಲ್ಲಿ ನಾದಿನಿ ಚೀಲದಿಂದ ತೆಗೆದ ಹಳೇ ನೋಟ್‌ಬುಕ್ಕಿನ ಪುಟ ಸ್ಕ್ಯಾನ್ ಮಾಡಿ ಅನುಬಂಧಕ್ಕೆ ಸೇರಿಸಿದಳು. ಆಮೇಲೆ 'ಅನೇಕ ಅಧ್ಯಯನಗಳು' ಅನ್ನುವ ವಾಕ್ಯ ಅಳಿಸಿ, ಅದೇ ಜಾಗದಲ್ಲಿ ಹೀಗೆ ಬರೆದಳು: 'ನೂರ ಇಪ್ಪತ್ತೊಂದನೇ ಲೇಖನದಲ್ಲಿ ಅಚ್ಚಾಗಿರುವ ಅಳತೆಗಳು ಈ ಸಂಶೋಧಕಿ ತೆಗೆದವು. ಎರಡೂ ಕೋಷ್ಟಕಗಳಲ್ಲಿ ಇನ್ನೂರ ಏಳನೇ ಬಾಟಲಿ ಯಾಕಿಲ್ಲ ಎಂಬುದಕ್ಕೆ ಅನುಬಂಧ ನೋಡಿ.'

ಟೈಪಿಸ್ಟಮ್ಮ ಅದನ್ನು ಓದಿದಳು. "ಗೈಡು ಸಹಿ ವಾಪಸ್ ತಗೋತೀನಿ ಅಂದ್ರೆ?"

ನಾದಿನಿ ಬೆಳಿಗ್ಗೆ ತಂದ ಹಾಳೆಯನ್ನು ಮುಂದಕ್ಕೆ ತಳ್ಳಿದಳು. ಎಲ್ಲ ಥೀಸಿಸ್ಸಿನ ಮೊದಲಿಗೂ ಇರುವ ಅದೇ ಪ್ರಮಾಣಪತ್ರ. ಟೈಪಿಸ್ಟಮ್ಮ ಸಾವಿರ ಸಲ ಟೈಪು ಮಾಡಿದ್ದಳು, ಒಂದು ಸಲವೂ ಓದಿರಲಿಲ್ಲ. 'ಇದರಲ್ಲಿರುವ ಎಲ್ಲ ಅಳತೆಗಳೂ ಈ ವಿದ್ಯಾರ್ಥಿನಿ ಸ್ವತಃ ಮಾಡಿದವು ಎಂದು ದೃಢೀಕರಿಸುತ್ತೇನೆ.' ಕೆಳಗೆ ಗೈಡಿನ ದೊಡ್ಡ ಸಹಿ, ಇವತ್ತಿನ ತಾರೀಖು.

ನಾಲ್ಕೂ ಹತ್ತಕ್ಕೆ ಎರಡು ಯಂತ್ರದಲ್ಲೂ ಪ್ರಿಂಟು ಶುರುವಾಯಿತು. ನಡುವೆ ಒಂದರಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು. ಟೈಪಿಸ್ಟಮ್ಮ ಅದರ ಏಳು ತಲೆಮಾರನ್ನು ಬೈದು ಎಳೆದು ತೆಗೆದಳು. ನಾಲ್ಕೂ ಮುಕ್ಕಾಲಿಗೆ ಮೂರನೇ ಪ್ರತಿಗೆ ಬೈಂಡು ಬಿತ್ತು. ಇಬ್ಬರೂ ರಸ್ತೆ ದಾಟಿ ಓಡಿದರು. ಗುಮಾಸ್ತ ಚೀಲಕ್ಕೆ ಊಟದ ಡಬ್ಬಿ ಹಾಕಿಕೊಳ್ಳುತ್ತಿದ್ದ. ಅಂಚಿಗೆ ಸ್ಕೇಲು ಇಟ್ಟ, ಸಹಿ ನೋಡಿದ, ಪಟ್ಟಿಯ ಪುಟಗಳನ್ನು ಹೆಬ್ಬೆರಳಲ್ಲಿ ಸರ್ರನೆ ಮಗುಚಿದ. ಟೈಪಿಸ್ಟಮ್ಮ ಕಣ್ಣು ಮುಚ್ಚಿಕೊಂಡಳು. ಮೂರು ಸಲ ಸೀಲು ಬಿದ್ದ ಸದ್ದು ಕೇಳಿಸಿತು, ಆಗ ತೆರೆದಳು.

ಮೆಟ್ಟಿಲಿಳಿಯುವಾಗ ನಾದಿನಿಯ ಫೋನು ಬಡಿದುಕೊಂಡಿತು. ಗೈಡು. ಅವರದು ದೊಡ್ಡ ಗಂಟಲು, ಪಕ್ಕದಲ್ಲಿದ್ದ ಟೈಪಿಸ್ಟಮ್ಮನಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಒಪ್ಪಿಸಿದೆಯೇನಮ್ಮ?"

"ಒಪ್ಪಿಸಿದೆ ಸರ್. ಸೀಲೂ ಬಿತ್ತು."

"ಭೇಷ್. ನಾನು ಕೊಟ್ಟ ಲೇಖನಗಳೆಲ್ಲ ಪಟ್ಟಿಯಲ್ಲಿ ಸೇರಿವೆ ತಾನೆ?"

"ಇಲ್ಲ ಸರ್. ಓದದೆ ಇದ್ದವನ್ನ ತೆಗೆದುಬಿಟ್ಟೆ. ಓದಿದ್ದು ಒಂದೇ, ಅದನ್ನ ಇಟ್ಟಿದೀನಿ."

"ಯಾವುದಮ್ಮ?"

"ಇನ್ನೂರ ಆರಾದ ಮೇಲೆ ಇನ್ನೂರ ಎಂಟು ಬರುತ್ತಲ್ಲ ಸರ್, ಅದು. ಏಳು ಎಲ್ಲಿ ಹೋಯ್ತು ಅಂತಾನೂ ಬರೆದಿದೀನಿ."

ಟೈಪಿಸ್ಟಮ್ಮ ಇಟ್ಟುಬಿಡು ಅಂತ ಕೈಸನ್ನೆ ಮಾಡಿದಳು. ನಾದಿನಿ ಇಡಲಿಲ್ಲ. ಮೆಟ್ಟಿಲ ಮೇಲೆ ನಿಂತು ಫೋನನ್ನು ಕಿವಿಗೆ ಒತ್ತಿಹಿಡಿದು ಕಾದಳು. ಇಡುವುದಾದರೆ ಅವರೇ ಇಡಲಿ.