ಹನ್ನೆರಡು ಬಾಯಿ

“ಆ ಮುದುಕಿ ಬಾಯಿಗೆ ಬೆರಳಾಕಿ ಕೆದಕ್ರೇ, ಅದೆಲ್ ಓಗ್ತದೆ ಮಾತು!” ಎಂದ ಪ್ರಸನ್ನಕುಮಾರ್, ಕರ್ಚೀಫನ್ನು ಮೂಗಿಗೆ ಒತ್ತಿಕೊಂಡೇ.

ಮುದ್ದಕ್ಕ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದಳು. ಬೆಳಿಗ್ಗೆ ಹುಣಸೆಹಣ್ಣು ಕುಟ್ಟುತ್ತಿದ್ದಂತೆಯೇ ಅವಳ ಬಲಗೈಯಿಂದ ಕೊಡತಿ ಜಾರಿ, ಬಾಯಿ ಸೊಟ್ಟಗಾಗಿತ್ತು. ಲಕ್ವ ಹೊಡೆದಿದೆಯೆಂದು ಹೇಳಲು ಡಾಕ್ಟರು ಬೇಕಿರಲಿಲ್ಲ. ತಂಗಿ ಓಬಳಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಈ ಊರಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಬಂಡೆ ಹತ್ತಬೇಕು. ಜೊತೆಯ ಕೂಲಿಯವಳು ಈರಕ್ಕ ಹತ್ತಿ ಇಳಿದು ಬಂದಿದ್ದಳು: ಆಂಬುಲೆನ್ಸ್ ಗಾಡಿ ಬೇರೆ ಕಡೆ ಹೋಗಿದೆ, ಕಾಯಿರಿ ಎಂದರಂತೆ. ಅಷ್ಟರಲ್ಲಿ ಮಂಡಿ ಮಾಲೀಕರ ಮಗ ಪ್ರಸನ್ನಕುಮಾರನ ಕಾರು ಬಂದಿತ್ತು. ಅದು ಬಂದದ್ದು ಮುದ್ದಕ್ಕನಿಗಾಗಿ ಅಲ್ಲ.

ಹೋದ ವರ್ಷದ ಸುಗ್ಗಿಯಲ್ಲಿ ಈ ಮಹಾರಾಯ, “ಅರ್ಧ ಕೂಲಿ ಕಾಯಿನ್ನಲ್ಲಿ ಕೊಡ್ತೀನಿ. ಬ್ಯಾಂಕಿಗೆ ಅಂತ ಪಾವಗಡಕ್ಕೆ ಯಾಕ್ರೇ ಅಲೀತೀರಾ? ಬ್ಯಾಂಕೇ ನಿಮ್ ಮಡ್ಲಿಗೆ ಬಂದದೆ,” ಎಂದು ಹನ್ನೆರಡು ಹೆಂಗಸರ ಕೂಲಿಯನ್ನು ತನ್ನ ಹಳೆಯ ಫೋನೊಂದಕ್ಕೆ ತುಂಬಿ ಕೊಟ್ಟಿದ್ದ. ಯಾರೂ ಮೂಸದ ಆ ಕ್ರಿಪ್ಟೋ ಕಾಯಿನ್ನನ್ನು ಕೊಂಡು ತಾನೇ ಕೈ ಸುಟ್ಟುಕೊಂಡಿದ್ದನೆಂಬುದು ಆಮೇಲೆ ತಿಳಿದ ಸಂಗತಿ. ಫೋನು ಕೆಟ್ಟರೆ ಕಾಯಿನ್ ವಾಪಸ್ ತೆಗೆಯಲು ಹನ್ನೆರಡು ಇಂಗ್ಲಿಷ್ ಪದ ಬೇಕು, ಬರೆದಿಟ್ಟುಕೊಳ್ಳಿ ಎಂದು ನಗುತ್ತ ಮೂರು ಸಲ ಓದಿದ. ತಾನೂ ಬರೆದಿಡಲಿಲ್ಲ; ಹೆಂಗಸರಲ್ಲಿ ಬರೆಯಲು ಯಾರಿಗೂ ಬರುತ್ತಿರಲಿಲ್ಲ. ಆದರೆ ಚೀಟಿ ಹಾಕಿ ಪಳಗಿದವರು. ಒಬ್ಬಳೇ ಎತ್ತಿಕೊಂಡು ಓಡದ ಹಾಗೆ, ಕೂತ ಸಾಲಿನಲ್ಲೇ ತಲೆಗೊಂದು ಪದ ಹಂಚಿಕೊಂಡರು. ಅಂಗಡಿಯವನು ಆ ಕಾಯಿನ್ನಿಗೆ ಬೆಂಕಿಪೊಟ್ಟಣವನ್ನೂ ಕೊಡಲಿಲ್ಲ. ಬೇಸಿಗೆಗೆ ಫೋನಿನ ಬ್ಯಾಟರಿ ಉಬ್ಬಿ ಸತ್ತಿತು. ಪದಗಳು ಮಾತ್ರ ಹೆಂಗಸರ ಬಾಯಲ್ಲಿ ಬದುಕಿದ್ದವು.

ಈಗ ಅದೇ ಕಾಯಿನ್ನಿನ ಬೆಲೆ ಮೂವತ್ತು ಪಟ್ಟು ಏರಿತ್ತು.

“ಸಾಮಿ, ಮೊದ್ಲು ಅಕ್ಕನ್ನ ತುಮ್ಕೂರಿಗೆ ಸೇರಿಸ್ಬುಡಿ. ನಿಮ್ ಕಾಲಿಗ್ ಬೀಳ್ತೀನಿ,” ಎಂದಳು ಓಬಳಮ್ಮ.

“ಸೇರಿಸ್ತೀನಿ ಕಣಮ್ಮ, ಕಾರು ನಿಂತದಲ್ಲ! ಅವಳ ಪದ ಇಲ್ದಿದ್ರೂ ಸರಿ. ಒಂದೇ ಒಂದು ತಪ್ಪೋದ್ರೆ ಕಂಪ್ಯೂಟರ್ರೇ ಹುಡುಕ್ತದೆ. ಉಳಿದ ಹನ್ನೊಂದು ಸಾಲಾಗಿ ಉದುರಿಸ್ಬುಡ್ರಿ.”

“ದುಡ್ಡು?” ಎಂದಳು ಈರಕ್ಕ.

“ಯಾವ ದುಡ್ಡೇ ಬೋಸುಡಿ? ಆವತ್ತಿನ ಕೂಲಿ ಎಷ್ಟಿತ್ತೋ ಅಷ್ಟು ಎಸೀತೀನಿ. ಏರಿದ್ದು ನಂದು. ಏರ್ತದೆ ಅಂತ ನಿಮಗೇನ್ ಗೊತ್ತಿತ್ತಾ?”

“ಏರಲ್ಲ ಅಂತ ನಿಮಗ್ ಗೊತ್ತಿತ್ತಲ್ಲ ಸಾಮಿ, ಅದ್ಕೇ ಕೊಟ್ರಿ.”

ಯಾರೋ ಕಿಸಕ್ಕನೆ ನಕ್ಕರು. ಪ್ರಸನ್ನಕುಮಾರನ ಕಿವಿ ಕೆಂಪಾಯಿತು. “ನಗ್ರೇ ಮುಂಡೇರಾ, ನಗ್ರಿ. ಇವಳು ಇಲ್ಲೇ ಹೆಣ ಆಗ್ಲಿ,” ಎಂದು ಕಾರಿನ ಕಡೆ ಎರಡು ಹೆಜ್ಜೆ ಹಾಕಿ, ತಿರುಗಿದ. “ಇನ್ನೊಂದ್ ಮಾತು. ಸೀಟಿನ ಮೇಲೆ ಟಾರ್ಪಾಲ್ ಹಾಸಿ ಮಲಗಿಸ್ಬೇಕು. ನಾಳೆ ನಮ್ಮವ್ವ ಅದೇ ಕಾರಲ್ಲಿ ದೇವಸ್ಥಾನಕ್ಕೆ ಓಗ್ತಾಳೆ.”

ಓಬಳಮ್ಮ ಹೆಂಗಸರ ಕಡೆ ಕೈ ಮುಗಿದಳು. “ಪದ ಏಳ್ಬುಡ್ರಮ್ಮಾ. ಕಾಯಿನ್ನು ಆಳಾಗ್ ಓಗ್ಲಿ. ನಮ್ಮಕ್ಕ ಇನ್ನೂ ಉಸಿರಾಡ್ತಾವ್ಳೆ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಒಂದು ಇಡೀ ಸುಗ್ಗಿಯ ಕೂಲಿಯ ಅರ್ಧ. ಹುಣಸೆಯ ಹುಳಿಗೆ ಬೆರಳಿನ ಸಿಪ್ಪೆ ಸುಲಿಸಿಕೊಂಡು ದುಡಿದದ್ದು. ಆದರೂ ಈರಕ್ಕನೇ ತಲೆಯಾಡಿಸಿದಳು. ಪ್ರಸನ್ನಕುಮಾರ್ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಮುಂದೆ ಚಾಚಿದ.

“ಟಿಕೇಟು,” ಎಂದಳು ಸಾಲಿನ ಮೊದಲನೆಯವಳು.

“ಅಂಕಲ್ಲು.”

“ಟಮಾಟೊ.”

“ರಿಬ್ಬನ್ನು,” ಎಂದಳು ಈರಕ್ಕ.

ಐದನೆಯದು ಓಬಳಮ್ಮನದು. ಅವಳು ಬಾಯಿ ತೆರೆದಳು. ತೊಡೆಯ ಮೇಲಿಂದ ಒಂದು ಕೈ ಎದ್ದು ಬಂದು ಆ ಬಾಯಿಯನ್ನು ಗಪ್ಪನೆ ಮುಚ್ಚಿತು. ಮುದ್ದಕ್ಕನ ಎಡಗೈ.

“ತೆಗೀರೇ ಆ ಕೈನ!” ಪ್ರಸನ್ನಕುಮಾರ್ ತಾನೇ ಕೀಳಲು ಬಗ್ಗಿದ. ಮುಟ್ಟಬೇಕಾಗುತ್ತದೆಂಬುದು ನೆನಪಾಗಿ ಅರ್ಧಕ್ಕೇ ನಿಂತ. “ಆರನೇದು ಯಾವಳದೇ? ನೀನ್ ಬೊಗಳೇ!”

ಆರನೆಯವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಏಳನೆಯವಳು ನೆಲ ನೋಡಿದಳು. ಅವನ ಫೋನು ಒಂದೊಂದೇ ಮುಖದ ಮುಂದೆ ನಿಂತು, ಏನೂ ಸಿಗದೆ ಮುಂದಕ್ಕೆ ಹೋಯಿತು.

“ಬರೀ ನಾಲ್ಕು ಪದ ಇಟ್ಕಂಡು ನಾನೇನ್ ಕಿಸೀಲಿ? ಯಾವ ಕಂಪ್ಯೂಟರೂ ಹುಡುಕಲ್ಲ ಕಣ್ರೇ, ಯಾರಿಗೂ ಇಲ್ದಂಗಾಯ್ತದೆ!”

ಈರಕ್ಕ ಕೊಡತಿ ಎತ್ತಿಕೊಂಡು ಕಲ್ಲಿನ ಮೇಲೆ ಒಂದು ಬಿಟ್ಟಳು. ಪಕ್ಕದವಳೂ ಬಿಟ್ಟಳು. ಶೆಡ್ಡೆಲ್ಲ ಧಪಧಪ ಎನ್ನತೊಡಗಿತು. ಅವನ ಬೈಗುಳ ಅದರಡಿ ಸಿಕ್ಕಿ ತುಟಿಯಾಟವಷ್ಟೇ ಕಂಡಿತು. ಕಾರು ಖಾಲಿಯೇ ಹೊರಟಿತು.

“ಬುಡೇ ಅಕ್ಕಾ, ಅವ್ನು ಓದ,” ಎಂದಳು ಓಬಳಮ್ಮ, ಅಂಗೈಯ ಒಳಗಿಂದ.

ಕೈ ಬಿಡಲಿಲ್ಲ. ಮುದ್ದಕ್ಕನ ಕಣ್ಣು ಅವಳನ್ನೇ ನೋಡುತ್ತಿತ್ತು. ಬಂಡೆಯ ಮೇಲೆ ಮತ್ತೆ ಯಾರೋ ಹತ್ತಿ ಗಾಡಿಗಾಗಿ ಕೂಗುತ್ತಿದ್ದರು. ಆ ಹಿಡಿತ ಸಡಿಲವಾಗಲೆಂದು ಬೆರಳು ಹಿಡಿದು ಕೀಳುತ್ತಿದ್ದ ಓಬಳಮ್ಮ, ಅದು ತಾನಾಗಿಯೇ ಸಡಿಲವಾಗುತ್ತಿರುವುದು ತಿಳಿದು ಥಟ್ಟನೆ ನಿಲ್ಲಿಸಿ, ತನ್ನೆರಡೂ ಕೈಯಿಂದ ಅದನ್ನು ಬಾಯಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು.