ಬೆಳ್ಳಿ ಕಾರಿಗೆ ನಾಲ್ಕು ಟೈರು

ಮಗಳು ಬೀದಿಯಲ್ಲಿ ಮೊಣಕಾಲೂರಿ ಕೂತು, ಬೆಳ್ಳಿ ಬಣ್ಣದ ಕಾರಿನ ಮುಂದಿನ ಟೈರಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಒಳ ಅಂಚು ಚೆನ್ನಾಗಿತ್ತು. ಹೊರ ಅಂಚು ಸವೆದು ನುಣ್ಣಗಾಗಿತ್ತು. ಅಲ್ಲಲ್ಲಿ ಸಣ್ಣ ಸಣ್ಣ ಕಚ್ಚುಗಳು ಬೆರಳಿಗೆ ಸಿಕ್ಕವು. ಒಂದರೊಳಗೆ ಉಗುರು ತೂರಿಸಿ ನೋಡುತ್ತಿರುವಾಗಲೇ ಹಿಂದಿನಿಂದ ಚಿಕ್ಕಪ್ಪನ ದನಿ ಬಂತು.

"ಒಳಗೆ ನಿಮ್ಮಪ್ಪನ ದೇಹ ಮಲಗಿಸಿದೀವಿ, ನೀನಿಲ್ಲಿ ಟೈರು ಸವರ್ತಾ ಕೂತಿದೀಯಲ್ಲಮ್ಮ. ನೋಡಿದೋರು ಏನಂದ್ಕೋತಾರೆ?"

ಅವಳು ಎದ್ದು ಕೈ ಒರೆಸಿಕೊಂಡಳು. ನಿಜ ಹೇಳಬೇಕೆಂದರೆ, ಒಳಗೆ ಮಲಗಿದ್ದ ಮನುಷ್ಯ ಎದ್ದು ಹೊರಗೆ ಬಂದಿದ್ದರೆ ಅವನೂ ಮೊದಲು ಮಾಡುತ್ತಿದ್ದ ಕೆಲಸ ಅದೇ.

ಊರಿಗೆಲ್ಲ ಅವನು ಟೈರಣ್ಣ. ಮನೆಯವರನ್ನು ಬಿಟ್ಟು ಮಿಕ್ಕವರೆಲ್ಲ ಹಾಗೇ ಕರೆಯುತ್ತಿದ್ದರು. ಮನೆಗೆ ಅಂಟಿಕೊಂಡೇ ಇದ್ದ ಅಂಗಡಿಯಲ್ಲಿ ಮೂವತ್ತಾರು ವರ್ಷ ಟೈರು ಹಾಕಿದ. ಬಸ್ಸು, ಲಾರಿ, ಮನೆ ಮಂದಿಯ ಕಾರು ಎಲ್ಲವೂ ಬರುತ್ತಿದ್ದವು. ಆದರೆ ಅವನ ಹೆಸರು ದೂರ ದೂರಕ್ಕೆ ಹೋಗಿದ್ದು ವೇಗದ ಕಾರುಗಳಿಂದ. ಇಬ್ಬರೇ ಕೂರುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಆ ಕಾರುಗಳ ಯಜಮಾನರು ಯಾವುದೋ ಪತ್ರಿಕೆ ಓದಿ, ಇಂಥದ್ದೇ ಟೈರು ಬೇಕು ಎಂದು ಚೀಟಿ ಬರೆದುಕೊಂಡು ಬರುತ್ತಿದ್ದರು. ಟೈರಣ್ಣ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಹಳೇ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಎಲ್ಲಿ ಓಡಿಸುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ, ಪಕ್ಕದಲ್ಲಿ ಯಾರಿರುತ್ತಾರೆ ಎಂದು ವಿಚಾರಿಸುತ್ತಿದ್ದ. ಕೇಳಿದ ಟೈರು ಕೊಡುವ ಅಂಗಡಿಗಳು ಬೇಕಾದಷ್ಟಿದ್ದವು, ಬೇಕಾದ ಟೈರು ಕೊಡುವವನು ಅವನೊಬ್ಬನೇ ಇದ್ದ.

ಇನ್ನು ಅಂಗಡಿ ಏನಾಗುತ್ತದೆ ಎಂಬುದೇ ಬೆಳಗಿನಿಂದ ಅಂಗಳದಲ್ಲಿ ನಡೆದಿದ್ದ ಮಾತು. ಹನ್ನೊಂದು ವರ್ಷದಿಂದ ಮಗಳು ಅಪ್ಪನ ಜೊತೆ ನಿಂತು ಕೆಲಸ ಮಾಡಿದವಳು, ಅವಳೇ ನಡೆಸುತ್ತಾಳೆ ಬಿಡಿ ಎಂದು ಬಸ್ ಡ್ರೈವರೊಬ್ಬ ಹೇಳಿದ. ಚಿಕ್ಕಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಅವನಿಗೆ ಅಣ್ಣನ ಮಗಳೆಂದರೆ ಪ್ರಾಣ, ಅದಕ್ಕೇ ಭಯ ಹೆಚ್ಚು.

"ನಟ್ ಬಿಗಿಯೋದು ಬೇರೆ, ಟೈರು ಆರಿಸೋದು ಬೇರೆ," ಎಂದ. "ಅವಳು ಇದುವರೆಗೂ ಒಂದೇ ಒಂದು ದೊಡ್ಡ ಕಾರಿಗೆ ಆರಿಸಿಲ್ಲ. ನಮ್ಮಣ್ಣನ ಗಿರಾಕಿಗಳು ಅವಳ ಮಾತು ಕೇಳಲ್ಲ. ಹೆಸರು ಕೆಡೋಕೆ ಮುಂಚೆ ಬಾಗಿಲು ಹಾಕೋದು ವಾಸಿ."

ಮಗಳಿಗೆ ಅದು ಕೇಳಿಸಿತು. ಅವಳಿಗೂ ಒಳಗೊಳಗೇ ಇದ್ದ ಅನುಮಾನ ಅದು.

ಬೆಳ್ಳಿ ಕಾರಿನ ಯಜಮಾನರಾದ ಹಲ್ಲಿನ ಡಾಕ್ಟರು ಗೋಡೆಗೊರಗಿ ನಿಂತಿದ್ದರು. ಸುದ್ದಿ ಕೇಳಿ ಬೆಟ್ಟ ದಾಟಿಕೊಂಡು ಬಂದಿದ್ದರು, ಸಂಜೆಯೊಳಗೆ ಅದೇ ದಾರಿಯಲ್ಲಿ ವಾಪಸು ಹೋಗಬೇಕಿತ್ತು. ಹೆಸರಿನ ಮಾತು ಬಂದಿದ್ದೇ ಅವರಿಗೆ ಏನೋ ನೆನಪಾಗಿ, ದುಃಖದ ನಡುವೆಯೂ ನಗು ಬಂತು. ಎಲ್ಲರೂ ನೂರು ಸಲ ಕೇಳಿದ್ದ ಕತೆಯನ್ನು ಮತ್ತೆ ಶುರು ಮಾಡಿದರು.

*

ಹನ್ನೆರಡು ವರ್ಷದ ಹಿಂದೆ ಬೆಳ್ಳಿ ಕಾರು ಹೊಸದಾಗಿತ್ತು. ಅದಕ್ಕೆ ಟೈರಣ್ಣ ಆರಿಸಿದ ಟೈರಿನ ಪಕ್ಕದಲ್ಲಿ ಒಂದು ಬಾಣದ ಗುರುತಿತ್ತು. ಚಕ್ರ ಆ ದಿಕ್ಕಿಗೇ ಉರುಳಬೇಕು, ಇಲ್ಲದಿದ್ದರೆ ಮಳೆನೀರು ಗೆರೆಗಳಿಂದ ಸರಿಯಾಗಿ ಹೊರಗೆ ಹೋಗುವುದಿಲ್ಲ. ಡಾಕ್ಟರು ಕಾರು ತೆಗೆದುಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು. ಊಟಕ್ಕೆ ಕೂತ ಟೈರಣ್ಣ ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ತಡೆದುಬಿಟ್ಟ. ಹಿಂದಿನ ಎಡಚಕ್ರವನ್ನು ಬಲಕ್ಕೆ, ಬಲಚಕ್ರವನ್ನು ಎಡಕ್ಕೆ ಹಾಕಿದ್ದು ಅವನ ಕೈಗೆ ನೆನಪಾಗಿತ್ತು.

ತಟ್ಟೆಯಲ್ಲಿ ಕೈ ತೊಳೆದು ಹಳೇ ವ್ಯಾನು ಹತ್ತಿದ. ಡಾಕ್ಟರು ದಾರಿಯಲ್ಲಿ ಕಾಫಿಗೆ ನಿಂತಿದ್ದರಿಂದ ನಲವತ್ತು ಕಿಲೋಮೀಟರು ಆಚೆ ಬೆಳ್ಳಿ ಕಾರಿನ ಬೆನ್ನು ಕಂಡಿತು. ಲೈಟು ಮಿಣುಕಿಸಿದ, ಹಾರನ್ ಬಾರಿಸಿದ. ಡಾಕ್ಟರು ಕನ್ನಡಿಯಲ್ಲಿ ನೋಡಿದರೆ ಹಿಂದೊಂದು ಡಬ್ಬಾ ವ್ಯಾನು, ಪಂದ್ಯಕ್ಕೆ ಕರೆಯುತ್ತಿದೆ. ಹೊಸ ಕಾರಿನ ಹುಮ್ಮಸ್ಸು ಬೇರೆ. ಕಾಲು ಒತ್ತಿದರು. ಅವರು ಒತ್ತಿದಷ್ಟೂ ಟೈರಣ್ಣನ ಎದೆ ಹೊಡೆದುಕೊಳ್ಳುತ್ತಿತ್ತು. ದೂರದಲ್ಲಿ ಮೋಡ ಕಟ್ಟುತ್ತಿರುವುದು ಅವನಿಗೆ ಕಾಣುತ್ತಿತ್ತು.

ರೈಲ್ವೆ ಗೇಟು ಬಿದ್ದಿತ್ತು, ಸದ್ಯ. ಹೊಗೆ ಕಾರುತ್ತಾ ಬಂದ ವ್ಯಾನಿನಿಂದ ಜಾಕ್ ಹಿಡಿದುಕೊಂಡು ಇಳಿದ ಟೈರಣ್ಣ, "ತಪ್ಪು ನಂದು, ಸ್ವಲ್ಪ ಇಳೀರಿ" ಎಂದ. ಗೂಡ್ಸ್ ರೈಲು ದಾಟುವಷ್ಟರಲ್ಲಿ ಎರಡೂ ಚಕ್ರ ಅದಲು ಬದಲಾದವು ಎಂಬುದು ಡಾಕ್ಟರ ಲೆಕ್ಕ. ಕತೆ ಹೇಳಿದಂತೆಲ್ಲ ವರ್ಷದಿಂದ ವರ್ಷಕ್ಕೆ ಆ ರೈಲಿನ ಡಬ್ಬಿಗಳು ಕಡಿಮೆಯಾಗುತ್ತಾ ಬಂದಿದ್ದವು.

"ನೀವು ಬರದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ," ಎಂದಿದ್ದರು ಡಾಕ್ಟರು.

"ನಂಗೆ ಗೊತ್ತಾಯ್ತಲ್ಲ," ಎಂದಿದ್ದ ಟೈರಣ್ಣ.

*

ಸ್ಮಶಾನಕ್ಕೆ ಅಷ್ಟೊಂದು ಜನ ಬರುತ್ತಾರೆಂದು ಮನೆಯವರು ಅಂದುಕೊಂಡಿರಲಿಲ್ಲ. ಲಾರಿಯವರು, ಆಂಬುಲೆನ್ಸಿನವರು, ಸ್ಕೂಲ್ ಬಸ್ಸು ಓಡಿಸುವ ಹೆಂಗಸು, ಸೂಟು ಹಾಕಿಕೊಂಡು ಬಂದ ನಾಲ್ಕಾರು ಶ್ರೀಮಂತರು ಎಲ್ಲರೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತರು. ಎರಡು ಮಾತಾಡಲು ಯಾರಾದರೂ ಬನ್ನಿ ಎಂದು ಕರೆದಾಗ ಸ್ಕೂಲ್ ಬಸ್ಸಿನ ಹೆಂಗಸು ಮುಂದೆ ಬಂದು, ನನ್ನ ಬಸ್ಸಿನ ಸವೆದ ಟೈರು ನೋಡಿ ಇವರು ಎರಡು ಸಲ ಕೀಲಿ ಕಿತ್ತಿಟ್ಟುಕೊಂಡಿದ್ದರು, ಆವಾಗ ಬಾಯಿಗೆ ಬಂದಂತೆ ಬೈದಿದ್ದೆ ಎಂದಳು. ಅಷ್ಟೇ ಸಾಕಾಗಿತ್ತು.

ಎಲ್ಲ ಮುಗಿದು ಮನೆಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಡಾಕ್ಟರು ಅಮ್ಮನಿಗೆ ಹೇಳಿ ಹೊರಟರು. ಮಗಳು ಬಾಗಿಲಲ್ಲಿ ನಿಂತು ಆ ಸವೆದ ಟೈರುಗಳನ್ನೇ ನೋಡಿದಳು. ಇವತ್ತು ಹೇಳಬೇಕಾಗಿದ್ದ ಮಾತೊಂದು ಇನ್ನೂ ಬಾಕಿ ಇತ್ತು.

*

ನಿನ್ನೆ ಬೆಳಗ್ಗೆ ಅಂಗಡಿಯಲ್ಲಿ ನಾಲ್ಕು ನಾಲ್ಕರ ಎರಡು ಸೆಟ್ ಟೈರು ನಿಂತಿದ್ದವು. ಒಂದು ರೇಸಿನದು, ಮೆತ್ತಗಿನ ರಬ್ಬರು, ಗೆರೆಗಳು ಹೆಸರಿಗಷ್ಟೇ. ಇನ್ನೊಂದು ಆಳವಾದ ಗೆರೆಗಳದು, ಓಟಕ್ಕೂ ಸೈ, ಚಳಿಗೂ ಮಳೆಗೂ ಸೈ. ಡಾಕ್ಟರಿಗೆ ಬೇಕಾಗಿದ್ದದ್ದು ಮೊದಲನೆಯದು. ತಿಂಗಳಿಗೊಂದು ದಿನ ರೇಸ್ ಟ್ರ್ಯಾಕಿಗೆ ಹೋಗುತ್ತೇನೆ, ಅದನ್ನೇ ಹಾಕಿಕೊಡಿ ಎಂದು ಎರಡು ವಾರದಿಂದ ಫೋನಿನಲ್ಲಿ ಗೋಗರೆಯುತ್ತಿದ್ದರು. ಯಾರಿಗೂ ಜಗ್ಗದ ಟೈರಣ್ಣ ಎರಡು ವಾರವೂ ನೋಡೋಣ, ನೋಡೋಣ ಎಂದೇ ದಿನ ತಳ್ಳಿದ್ದ.

"ನೀನು ಆರಿಸು," ಎಂದ ಮಗಳಿಗೆ, ಕುರ್ಚಿಯಲ್ಲಿ ಕೂತು.

ಅವಳು ನಕ್ಕಳು. ತಮಾಷೆ ಎಂದುಕೊಂಡಳು.

"ಅವರ ಜೊತೆ ಸಲುಗೆ ಬೆಳೆದುಬಿಟ್ಟಿದೆ ಕಣೆ. ಸಲುಗೆ ಇರೋರಿಗೆ ಟೈರು ಆರಿಸಬಾರದು, ಕಣ್ಣು ಮಂಜಾಗುತ್ತೆ. ನಿನ್ನ ಕಣ್ಣು ನನ್ನದಕ್ಕಿಂತ ಚುರುಕಿದೆ."

ಅಪ್ಪ ಅವಳನ್ನು ಹಾಗೆ ಹೊಗಳಿದ್ದು ಅದೇ ಮೊದಲು. ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ತಪ್ಪಿದರೆ? ನಾಳೆ ಹೇಳ್ತೀನಪ್ಪ ಎಂದು ತಪ್ಪಿಸಿಕೊಂಡು ಲಾರಿಯೊಂದರ ಪಂಕ್ಚರಿಗೆ ಕೂತಳು. ಮಧ್ಯಾಹ್ನ ಎದ್ದು ನೋಡಿದಾಗ ಅಪ್ಪ ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದ. ನಾಳೆ ಎಂದರೆ ಇವತ್ತು.

*

"ಡಾಕ್ಟ್ರೇ, ನಿಲ್ಲಿ. ಈ ಟೈರಲ್ಲಿ ಬೆಟ್ಟ ಹತ್ತಬೇಡಿ. ಒಂದು ಗಂಟೆ ಕೊಡಿ."

ಇವತ್ತೇ ಅಂಗಡಿ ತೆಗೆಯುವುದುಂಟೇ ಎಂದು ಚಿಕ್ಕಪ್ಪ ಹೌಹಾರಿದ. ಅಮ್ಮ ಒಳಗಿನಿಂದ ಬೀಗದ ಕೈ ತಂದು ಮಗಳ ಕೈಗಿಟ್ಟಳು. ಮಳೆಯಲ್ಲಿ ಅವರನ್ನು ಹಾಗೇ ಕಳಿಸಿದ್ದರೆ ನಿಮ್ಮಣ್ಣ ನನ್ನನ್ನು ಬೈಯುತ್ತಿದ್ದರು ಎಂದು ಮೈದುನನಿಗೆ ಮೆಲ್ಲಗೆ ಹೇಳಿದಳು. ಅವನು ಪಕ್ಕಕ್ಕೆ ಸರಿದು ನಿಂತ. ಹೊರಡಲು ನಿಂತಿದ್ದ ಜನರೂ ಛತ್ರಿ ಹಿಡಿದು ಅಂಗಡಿ ಮುಂದೆ ಸೇರಿದರು.

ಡಾಕ್ಟರ ಕೈ ನೇರ ರೇಸಿನ ಟೈರಿನ ಮೇಲೆ ಹೋಯಿತು. "ಇದು ತಾನೇ? ಟೈರಣ್ಣ ಒಪ್ಪಿದ್ರಾ?"

"ಅಲ್ಲ. ಅದು." ಅವಳು ಇನ್ನೊಂದನ್ನು ತೋರಿಸಿದಳು.

"ನಾನು ಟ್ರ್ಯಾಕಿಗೆ..."

"ನೀವು ಟ್ರ್ಯಾಕಿಗೆ ಹೋಗಲ್ಲ ಡಾಕ್ಟ್ರೇ," ಎಂದಳು. "ಟೈರಿಗೆ ಕಲ್ಲು ಕಚ್ಚಿದ ಗುರುತಿದೆ. ಟ್ರ್ಯಾಕಲ್ಲಿ ಕಲ್ಲಿರಲ್ಲ, ಬೆಟ್ಟದ ರಸ್ತೆ ಅಂಚಲ್ಲಿರುತ್ತೆ. ಹೊರ ಅಂಚು ಸವೆದಿದೆ ಅಂದ್ರೆ ತಿರುವಲ್ಲಿ ಕಾಲು ತೆಗೀತಿಲ್ಲ ನೀವು. ಅಷ್ಟು ಜೋರಾಗಿ ಹೋಗೋಕೆ ರಸ್ತೆ ಖಾಲಿ ಇರಬೇಕು. ಬೆಳಗಿನ ಜಾವ ಹೋಗ್ತೀರಿ."

ಡಾಕ್ಟರು ತಲೆ ತಗ್ಗಿಸಿದರು. ಆರು ತಿಂಗಳ ಹಿಂದೆ ಕ್ಲಿನಿಕ್ ಮುಚ್ಚಿದ್ದರು. ಐದಕ್ಕೇ ಎಚ್ಚರವಾಗುತ್ತದೆ, ಮಾಡಲು ಏನೂ ಇರುವುದಿಲ್ಲ, ಕಾರು ತೆಗೆದುಕೊಂಡು ಬೆಟ್ಟಕ್ಕೆ ಹೋಗುತ್ತೇನೆ ಎಂದು ಒಪ್ಪಿಕೊಂಡರು. ತಾವು ಟ್ರ್ಯಾಕಿನ ಸುಳ್ಳು ಹೇಳಿದಾಗ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಟೈರಣ್ಣ ಎರಡೆರಡು ಸಲ ಕೇಳಿದ್ದು ಅವರಿಗೆ ಈಗ ನೆನಪಾಯಿತು.

"ಈ ರೇಸ್ ಟೈರು ಬಿಸಿಯಾದ ಮೇಲೇ ರಸ್ತೆ ಹಿಡಿಯೋದು," ಎಂದಳು ಮಗಳು. "ಆ ಚಳೀಲಿ ಅದು ಬಿಸಿಯಾಗೋ ಹೊತ್ತಿಗೆ ನೀವು ಮೂರು ತಿರುವು ದಾಟಬೇಕು. ಮೂರನೇ ತಿರುವು ಹೇಗಿದೆ ಅಂತ ನಿಮಗೇ ಗೊತ್ತು. ನಾನು ಹಾಕಲ್ಲ. ಬೇರೆ ಅಂಗಡಿಗೆ ಹೋದ್ರೂ ಬೇಜಾರಿಲ್ಲ."

ಚಿಕ್ಕಪ್ಪ ಡಾಕ್ಟರ ಮುಖವನ್ನೇ ನೋಡುತ್ತಿದ್ದ.

"ಕೇಳಿದ್ರು ಅಂತ ಗಟ್ಟಿ ಹಲ್ಲು ನಾನೂ ಯಾವತ್ತೂ ಕಿತ್ತಿಲ್ಲ," ಎಂದರು ಡಾಕ್ಟರು ಕೊನೆಗೆ. "ಅದನ್ನೇ ಹಾಕಮ್ಮ."

ಅವಳು ಸಾವಿನ ಮನೆಯ ಬಟ್ಟೆಯ ಮೇಲೇ ಏಪ್ರನ್ ಕಟ್ಟಿಕೊಂಡಳು. ರಿಮ್ಮಿನಿಂದ ಹಳೆಯವನ್ನು ಬಿಡಿಸಿ ಹೊಸವನ್ನು ಕೂರಿಸಿದಳು, ಗಾಳಿ ತುಂಬಿದಳು, ಒಂದೊಂದನ್ನೂ ಯಂತ್ರದ ಮೇಲೆ ತಿರುಗಿಸಿ ತೂಕ ಸರಿಮಾಡಿದಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಕೈ ಮಾತ್ರ ಒಂದು ಸಲವೂ ತಡವರಿಸಲಿಲ್ಲ. ಹೊಸ ರಬ್ಬರು ಮೊದಮೊದಲು ಜಾರುತ್ತದೆ, ಒಂದು ಸುತ್ತು ಓಡಿಸಿ ನೋಡಿ ಕೊಡುತ್ತೇನೆ ಎಂದಳು.

ಹನ್ನೆರಡು ವರ್ಷದಲ್ಲಿ ಆ ಕಾರಿನ ಸ್ಟೇರಿಂಗನ್ನು ಹೆಂಡತಿಗೂ ಮುಟ್ಟಗೊಡದ ಡಾಕ್ಟರು ಕೀಲಿಯನ್ನು ಅವಳ ಕೈಗೆ ಕೊಟ್ಟು, ಆ ಕಡೆ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಬೆಳ್ಳಿ ಕಾರು ಗುರುಗುಟ್ಟುತ್ತಾ ಮೆಲ್ಲಗೆ ಅಂಗಡಿಯಿಂದ ಹೊರಬಂತು. ಚಿಕ್ಕಪ್ಪ ಛತ್ರಿಯನ್ನು ಯಾರದೋ ಕೈಗೆ ತುರುಕಿ, ಸುರಿಯುವ ಮಳೆಯಲ್ಲಿ ನಡುರಸ್ತೆಗೆ ಓಡಿಹೋಗಿ, ಎರಡೂ ಕೈ ಅಗಲಿಸಿ ಎರಡೂ ಕಡೆಯ ವಾಹನಗಳನ್ನು ತಡೆದು ನಿಂತ.