ನಾಲ್ಕನೆಯ ಚೂರು

“ಇದು ನಮ್ಮ ಭಾವನ ಹೊಟ್ಟೆ ಅಲ್ಲ, ಡಾಕ್ಟ್ರೇ.”

ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಡಾಕ್ಟರು ನಕ್ಕರು. “ಹೊಟ್ಟೆಗಳ ಮುಖಪರಿಚಯ ಬೇರೆ ಇದೆಯೇನಮ್ಮ ನಿನಗೆ?”

ಇದ್ದರೂ ಇರಬಹುದು. ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಬ್ಲೇಡಕ್ಕ ಎಂದೇ ಹೆಸರು. ಮೇಣದಲ್ಲಿ ಹುದುಗಿಸಿದ ಮಾಂಸದ ಚೂರನ್ನು ಅವಳು ಕೊಯ್ದರೆ ಸೊಳ್ಳೆಯ ರೆಕ್ಕೆ ಅದರ ಮುಂದೆ ಕಂಬಳಿ. ಭೂಮಿಯ ಮೇಲಿನ ಅರ್ಧ ಹೊಟ್ಟೆಗಳು ಅವಳ ಅಲಗಿನಡಿ ಹಾದಿದ್ದವು. ಉಳಿದರ್ಧ ಸರದಿಯಲ್ಲಿ ನಿಂತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿಲ್ಲ ಎಂದು ಅವಳು ಹೇಳಿಕೊಂಡಷ್ಟು ಸಲ ಗೋಡೆ ಗಡಿಯಾರವೂ ಟಿಕ್ ಎಂದಿರಲಾರದು.

“ನೋಡು,” ಡಾಕ್ಟರು ಜಾಗ ಬಿಟ್ಟುಕೊಟ್ಟರು. “ಹೊಟ್ಟೆಯ ಒಳಪದರ ಕೆಲವೇ ದಿನಕ್ಕೆ ಸವೆದುಹೋಗತ್ತೆ. ಕಾಂಡಕೋಶಗಳು ಹೊಸದನ್ನ ಹೆತ್ತು ಕೊಡ್ತಾನೇ ಇರ್ತವೆ. ನಿನ್ನ ಭಾವನ ಹೊಟ್ಟೆಯಿಂದ ತೆಗೆದ ಈ ಮೂರು ಚೂರಲ್ಲಿ ಎಲ್ಲಾ ಹದವಾಗಿ ನಡೀತಿದೆ. ನಾಲ್ಕನೇದರಲ್ಲಿ ಹೆರಿಗೆಗೆ ಕಡಿವಾಣವೇ ಇಲ್ಲ. ಕ್ಯಾನ್ಸರ್. ವರದಿಗೆ ಸಹಿ ಹಾಕಿದ್ರೆ ಮುಂದಿನ ವಾರ ಹೊಟ್ಟೆ ತೆಗೀತಾರೆ.”

“ಅದೇ ನನ್ನ ಅನುಮಾನ. ಮೂರು ಇಷ್ಟು ಸಾಧು, ಪಕ್ಕದ್ದು ಇಷ್ಟು ಪುಂಡ?”

“ಮತ್ತೆಲ್ಲಿಂದ ಬಂತು? ರೆಕ್ಕೆ ಕಟ್ಕೊಂಡು ಬಂತಾ?”

ಅವಳು ಬೆಚ್ಚನೆಯ ನೀರಿನ ತಟ್ಟೆಯತ್ತ ನೋಡಿದಳು. ಕೊಯ್ದ ಪದರವನ್ನು ಅದರಲ್ಲಿ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಳ್ಳುವುದು ಕ್ರಮ. ಒಬ್ಬ ರೋಗಿಯದು ಮುಗಿದ ಮೇಲೆ ನೀರಿನ ಮೇಲ್ಮೈಯನ್ನು ಕಾಗದದಿಂದ ಒರೆಸಬೇಕು. ಆ ದಿನ ಅಕ್ಕ ಫೋನಿನಲ್ಲಿ ಅತ್ತಿದ್ದಳು. ಭಾವನದನ್ನು ಕೊಯ್ಯುವ ಅವಸರದಲ್ಲಿ ಒರೆಸಿದ್ದೆನೇ?

“ನೀರಲ್ಲಿ ಬೇರೆಯವರ ಚೂರು ಉಳಿದಿತ್ತೇನೋ,” ಎಂದಳು. “ನಾನು ಒರೆಸಿರಲಿಕ್ಕಿಲ್ಲ.”

ಡಾಕ್ಟರು ಅವಳನ್ನು ಗಾಜಿನ ಸ್ಲೈಡಿನಂತೆ ದಿಟ್ಟಿಸಿದರು. “ನಿಜ ಹೇಳ್ತಿದೀಯೋ, ಭಾವನ್ನ ಉಳಿಸೋಕೆ ಕಥೆ ಕಟ್ತಿದೀಯೋ?”

“ಭಾವನ ಮೇಣದ ಬಿಲ್ಲೆ ಇನ್ನೂ ಇದೆ. ಮತ್ತೆ ಕೊಯ್ತೀನಿ. ನಂಬಿಕೆ ಇಲ್ದಿದ್ರೆ ಪಕ್ಕದಲ್ಲೇ ನಿಂತ್ಕೊಳಿ.”

ನಿಂತರು. ಜೇಬುಗಳ್ಳನನ್ನು ಕಾಯುವ ಪೊಲೀಸನೂ ಹಾಗೆ ನಿಂತಿರಲಾರ. ಅವಳು ಮೇಣದ ಕೊನೆ ಕಾಣುವವರೆಗೂ ಕೊಯ್ದಳು. ಪ್ರತಿ ಪದರದಲ್ಲೂ ಮೂರೇ ಚೂರು. ಮೂರೂ ಸಾಧು.

ಡಾಕ್ಟರು ವರದಿಯನ್ನು ಹರಿದರು. “ಹೋಗಿ ನಿನ್ನಕ್ಕನಿಗೆ ಹೇಳಮ್ಮ.”

ಅವಳು ಏಳಲಿಲ್ಲ.

“ನಾಲ್ಕನೇದು ಯಾರದು, ಡಾಕ್ಟ್ರೇ?”

ಅವರು ಆ ದಿನದ ಪುಸ್ತಕ ತೆರೆದರು. ಭಾವನಿಗಿಂತ ಮೊದಲು ಹನ್ನೊಂದು ಹೊಟ್ಟೆಗಳು. ಹನ್ನೊಂದೂ ಸಾಲಿನ ಮುಂದೆ ಅವರದೇ ಸಹಿ: ತೊಂದರೆ ಇಲ್ಲ. “ಇವರಲ್ಲೇ ಒಬ್ಬರದು,” ಎಂದರು; ಬೆರಳು ಕೊನೆಯ ಸಾಲಿನಲ್ಲೇ ನಿಂತಿತು.

ಬ್ಲೇಡಕ್ಕ ಕಪಾಟು ತೆರೆದು ಹನ್ನೊಂದು ಮೇಣದ ಬಿಲ್ಲೆಗಳನ್ನು ತಂದು, ಕೊಯ್ಯಲು ಗಟ್ಟಿಯಾಗಲೆಂದು, ಮಂಜುಗಡ್ಡೆಯ ಮೇಲೆ ಸಾಲಾಗಿ ಇಟ್ಟಳು. ಡಾಕ್ಟರು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಬಿಲ್ಲೆಗಳ ಮೇಲೆ ನಿಧಾನವಾಗಿ ಹನಿ ಕಟ್ಟತೊಡಗಿತು.